ಮೊದಲು ಕೈ, ಆಮೇಲೆ ಹೆಸರು

ಮಕ್ಕಳ ಚಿತ್ರಕಲಾ ಸ್ಪರ್ಧೆಗಳ ಬಹುಮಾನ ವಿತರಣೆಗೆ ಹೋಗುವುದು ಆಡಳಿತ ಸೇವೆಯಲ್ಲಿರುವವರಿಗೆ ತಪ್ಪದ ಕರ್ತವ್ಯ. ನನ್ನ ಸೇವಾವಧಿಯಲ್ಲಿ ಕರಾವಳಿಯಿಂದ ಬಯಲುಸೀಮೆಯವರೆಗೆ ಯಾವ ತಾಲ್ಲೂಕಿಗೆ ಹೋದರೂ ಗೋಡೆಗೆ ಅಂಟಿಸಿರುತ್ತಿದ್ದ ಚಿತ್ರ ಬಹುಮಟ್ಟಿಗೆ ಒಂದೇ: ಎರಡು ಚೂಪು ಬೆಟ್ಟಗಳು, ಅವುಗಳ ನಡುವೆ ಅರ್ಧ ಸೂರ್ಯ, ಕೆಳಗೆ ನದಿ, ದಡದಲ್ಲಿ ಹೆಂಚಿನ ಮನೆ, ಪಕ್ಕದಲ್ಲೊಂದು ತೆಂಗಿನಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಕಣ್ಣು ಹಾಯಿಸಿದಷ್ಟು ದೂರ ಎರೆಭೂಮಿಯೇ ಕಾಣುವ ವಿಜಯಪುರದ ಕಡೆಯ ಮಗುವೂ ಇದೇ ಬೆಟ್ಟಗಳನ್ನು ಬರೆಯುತ್ತಿತ್ತು. ಆ ಬೆಟ್ಟಗಳನ್ನು ಮಗು ಕಂಡಿರಲಿಲ್ಲ. ಅದಕ್ಕೆ ಕಲಿಸಿದ ಮೇಷ್ಟ್ರೂ ಕಂಡಿರಲಿಲ್ಲ. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತ ಬಂದ ಸವಕಲು ನಾಣ್ಯವದು.

ಈಗ ನಗರಗಳ ಖಾಸಗಿ ಶಾಲೆಗಳಲ್ಲಿ ಈ ನಾಣ್ಯದ ಚಲಾವಣೆ ಕಡಿಮೆಯಾಗಿದೆ. ಅದರ ಜಾಗಕ್ಕೆ ಬಂದಿರುವುದು ‘ಪ್ರಸಿದ್ಧ ಕಲಾವಿದರು’ ಎಂಬ ಪ್ರಾಜೆಕ್ಟ್. ಒಂದನೆಯ, ಎರಡನೆಯ ತರಗತಿಯ ಮಕ್ಕಳಿಗೆ ವಾನ್ ಗಾಗ್, ಪಿಕಾಸೊ, ರಾಜಾ ರವಿವರ್ಮ ಮುಂತಾದವರನ್ನು ಚಟುವಟಿಕೆಯ ಮೂಲಕ ಪರಿಚಯಿಸುವುದು ಇದರ ಉದ್ದೇಶ. ಉದ್ದೇಶದ ಬಗ್ಗೆ ಯಾರೂ ತಕರಾರು ತೆಗೆಯಲಾರರು. ಆದರೆ ನಡೆಯುವುದೇನು? ಬೆಂಗಳೂರಿನ ಒಂದು ಶಾಲೆಯಲ್ಲಿ ಓದುವ ನನ್ನ ಮೊಮ್ಮಗಳಿಗೆ ವಾನ್ ಗಾಗ್‌ನ ನಕ್ಷತ್ರಗಳ ರಾತ್ರಿಯ ಚಿತ್ರದ ಅಚ್ಚಾದ ಗೆರೆಪ್ರತಿ ಕೊಟ್ಟು ಬಣ್ಣ ತುಂಬಿಸಿಕೊಂಡು ಬರಲು ಹೇಳಿದ್ದರು. ಯಾವ ಸುರುಳಿಗೆ ಯಾವ ನೀಲಿ ಎಂಬುದೂ ಅದರಲ್ಲೇ ಸೂಚಿತವಾಗಿತ್ತು. ರಾತ್ರಿ ಹತ್ತು ಗಂಟೆಗೆ ಅದನ್ನು ಮುಗಿಸಿದವಳು ನನ್ನ ಸೊಸೆ. ಮಗು ಕಲಿತದ್ದು ಎರಡು ಸಂಗತಿ: ಕಲಾವಿದ ಹುಟ್ಟಿದ ಇಸವಿ ಮತ್ತು ಅವನು ಕಿವಿ ಕೊಯ್ದುಕೊಂಡ ಕಥೆ. ಬೆಟ್ಟ ಎರಡಿದ್ದದ್ದು ಹೋಗಿ ನಕ್ಷತ್ರ ಹನ್ನೊಂದಾದವು, ಅಷ್ಟೆ.

ಕಲಾವಿದನ ಹೆಸರನ್ನಾಗಲಿ, ಅವನ ಚಿತ್ರದ ನಕಲನ್ನಾಗಲಿ ಮಗುವಿಗೆ ಕೊಡುವುದು ಕಲಾಶಿಕ್ಷಣವಲ್ಲ. ಆ ಕಲಾವಿದನ ಮುಂದಿದ್ದ ಸಮಸ್ಯೆಯನ್ನು ಮಗುವಿನ ಮುಂದಿಡಬೇಕು. ಅವನ ಕೈಗೆ ಸಿಕ್ಕಿದಂಥ ಸಾಮಗ್ರಿಯನ್ನೇ ಅದರ ಕೈಗೂ ಕೊಡಬೇಕು. ಅದು ತನ್ನಷ್ಟಕ್ಕೆ ಹೆಣಗಿದ ಮೇಲೆ ಕಲಾವಿದನ ಚಿತ್ರವನ್ನು ತೋರಿಸಬೇಕು. ಹೆಸರನ್ನು ಕೊನೆಯಲ್ಲಿ ಹೇಳಿದರೆ ಸಾಕು. ಈ ಅನುಕ್ರಮ ತಲೆಕೆಳಗಾದರೆ ಉಳಿಯುವುದು ಸಾಮಾನ್ಯ ಜ್ಞಾನದ ಪ್ರಶ್ನೋತ್ತರ ಮಾತ್ರ.

ನಮ್ಮ ಮನೆಯಂಗಳದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೈಸೂರಿನ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಯಲ್ಲಿ ದೀಪ ಹಿಡಿದ ಯುವತಿಯ ಚಿತ್ರವೊಂದಿದೆ. ಕನ್ನಡ ನಾಡಿನಲ್ಲಿ ಅದನ್ನು ನೋಡದವರು ವಿರಳ. ನೋಡಿದವರಲ್ಲಿ ಬಹಳ ಮಂದಿ ಅದು ರವಿವರ್ಮನದೆಂದೇ ತಿಳಿದಿದ್ದಾರೆ. ಅದನ್ನು ಬರೆದವರು ಎಸ್.ಎಲ್. ಹಲ್ದಣಕರ್, 1940ರ ದಶಕದಲ್ಲಿ. ರೂಪದರ್ಶಿಯಾಗಿ ನಿಂತವರು ಅವರ ಮಗಳು. ತೈಲವರ್ಣವೆಂದು ತೋರಿದರೂ ಅದು ಜಲವರ್ಣ. ಹೆಸರೇ ಮುಖ್ಯವೆಂದು ತಿಳಿದ ಸಮಾಜ ಎಂಥ ಚಿತ್ರವನ್ನೂ ತನಗೆ ಗೊತ್ತಿರುವ ಹೆಸರಿಗೆ ಜಮಾ ಮಾಡಿಬಿಡುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. ಇರಲಿ. ಆ ಚಿತ್ರದ ಜೀವ ಇರುವುದು ಯುವತಿಯ ಬೆರಳುಗಳಲ್ಲಿ. ಒಂದು ಕೈಯಲ್ಲಿ ದೀಪ ಹಿಡಿದು ಇನ್ನೊಂದು ಕೈಯನ್ನು ಜ್ವಾಲೆಗೆ ಮರೆಯಾಗಿ ಒಡ್ಡಿದ್ದಾಳೆ. ಬೆಳಕು ಬೆರಳುಗಳನ್ನು ತೂರಿ ಬಂದು ಅವು ಕೆಂಪಗೆ ಹೊಳೆಯುತ್ತಿವೆ.

ಇದನ್ನು ಆರು ವರ್ಷದ ಮಗುವಿಗೆ ಕಲಿಸುವುದು ಹೇಗೆ? ಚಿತ್ರ ತೋರಿಸುವುದು ಆಮೇಲೆ. ಮೊದಲು ತರಗತಿಯ ಕಿಟಕಿ ಮುಚ್ಚಿ, ಒಬ್ಬೊಬ್ಬರ ಕೈಗೂ ಒಂದು ಟಾರ್ಚ್ ಕೊಟ್ಟು, ಅಂಗೈಯನ್ನು ಅದರ ಮೇಲೆ ಮುಚ್ಚಿ ಹಿಡಿಯಲು ಹೇಳಬೇಕು. ಬೆರಳ ಸಂದಿ ಕೆಂಪಾಗುತ್ತದೆ. ಗೆಣ್ಣುಗಳು ತುಸು ಕಪ್ಪಾಗಿಯೇ ಉಳಿಯುತ್ತವೆ. ತನ್ನ ಕೈಯೊಳಗೆ ಇಂಥ ಬಣ್ಣವಿದೆಯೆಂದು ಕಂಡ ಮಗು ಬೆರಗಾಗದೆ ಇರಲಾರದು. ಆ ಕೆಂಪನ್ನು ಕಾಗದದ ಮೇಲೆ ತರಲು ಹೇಳಿದರೆ ಮಗು ಮೊದಲು ಅಂಗಡಿಯ ಕೆಂಪನ್ನೇ ಬಳಿಯುತ್ತದೆ. ಅದು ಬೆಳಕಿನ ಹಾಗೆ ಕಾಣುವುದಿಲ್ಲ. ಸುತ್ತಲೂ ಕತ್ತಲನ್ನು ಬಳಿದರೆ ಮಾತ್ರ ಬೆಳಕು ಕಾಣುತ್ತದೆಂಬುದು ಎರಡನೆಯ ಅಥವಾ ಮೂರನೆಯ ಪ್ರಯತ್ನದಲ್ಲಿ ಯಾರಾದರೊಬ್ಬರಿಗೆ ಹೊಳೆಯುತ್ತದೆ. ಒಬ್ಬರಿಗೆ ಹೊಳೆದದ್ದು ಬೆಂಚಿನಿಂದ ಬೆಂಚಿಗೆ ಹರಡುತ್ತದೆ. ಅದಾದ ಮೇಲೆ ಹಲ್ದಣಕರ್ ಅವರ ಚಿತ್ರವನ್ನು ಗೋಡೆಗೆ ತೂಗುಹಾಕಿ. ಮಕ್ಕಳ ಕಣ್ಣು ನೇರವಾಗಿ ಬೆರಳಿಗೆ ಹೋಗುತ್ತದೆ. ಇವರಿಗೂ ನಮ್ಮದೇ ಕಷ್ಟ ಇತ್ತಲ್ಲ ಎಂಬ ಸಲುಗೆ ಮೂಡುತ್ತದೆ. ಆಗ ಬರುವ ಪ್ರಶ್ನೆ ‘ಇದನ್ನು ಬರೆದವರು ಯಾರು?’ ಎಂಬುದು. ಆ ಪ್ರಶ್ನೆ ಬಂದ ಹೊತ್ತಿನಲ್ಲಿ ಹೇಳಿದ ಹೆಸರು ಮನಸ್ಸಿನಲ್ಲಿ ಉಳಿಯುತ್ತದೆ.

ಕೆ. ವೆಂಕಟಪ್ಪನವರ (1886–1965) ವಿಷಯದಲ್ಲೂ ಇದೇ ಕ್ರಮ ಸಾಧ್ಯ. ಅರಮನೆಯ ಚಿತ್ರಗಾರ ಮನೆತನದಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದವರು ಅವರು. ಒಂದು ಕಾಲದಲ್ಲಿ ಕುಂಚವನ್ನು ಬದಿಗಿಟ್ಟು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿಯಲು ಕುಳಿತ ಹಟವಾದಿ; ತಮ್ಮ ಆ ವೀಣೆಯ ಹುಚ್ಚನ್ನೇ ಚಿತ್ರವಾಗಿಯೂ ಬರೆದಿಟ್ಟವರು. ಮಕ್ಕಳಿಗೆ ಈ ಕಥೆಯೂ ರುಚಿಸುತ್ತದೆ. ಆದರೆ ಅವರ ಉದಕಮಂಡಲದ ಜಲವರ್ಣಗಳಲ್ಲಿ ಬರುವ ಮಂಜು ಕಥೆಗಿಂತ ದೊಡ್ಡದು. ವಸ್ತುಗಳನ್ನು ಬರೆಯುವುದು ಒಂದು ಕಷ್ಟವಾದರೆ, ವಸ್ತುಗಳನ್ನು ಮರೆಮಾಡುವುದನ್ನು ಬರೆಯುವುದು ಅದಕ್ಕಿಂತ ದೊಡ್ಡ ಕಷ್ಟ. ಪೆನ್ಸಿಲಿನ ಗೆರೆಗೆ ಮಂಜು ಸಿಗುವುದಿಲ್ಲ. ಜಲವರ್ಣದಲ್ಲಿ ಬಿಳಿ ಎಂದರೆ ಕಾಗದ, ಬಣ್ಣ ಮುಟ್ಟದೆ ಬಿಟ್ಟ ಜಾಗ. ಒದ್ದೆ ಕಾಗದದ ಮೇಲೆ ಮರವೊಂದನ್ನು ಬರೆಯಲು ಹೇಳಿ. ಬಣ್ಣ ಹರಡಿ ಮರ ಕಣ್ಮರೆಯಾಗುತ್ತದೆ, ಮಗು ‘ಕೆಟ್ಟುಹೋಯಿತು’ ಎಂದು ಅಳುಮುಖ ಮಾಡುತ್ತದೆ. ಕೆಟ್ಟದ್ದೇ ಮಂಜು ಎಂದು ಅದಕ್ಕೆ ಗೊತ್ತಾಗುವ ಕ್ಷಣಕ್ಕೆ ಶಿಕ್ಷಕರು ಕಾದಿರಬೇಕು. ವೆಂಕಟಪ್ಪನವರೂ ಹೀಗೆಯೇ ಬರೆದರೆಂದು ಹೇಳಬೇಕಾಗಿಲ್ಲ, ಹೇಳಲೂಬಾರದು. ಅವರದು ಬಹುಕಾಲದ ಸಾಧನೆಯಿಂದ ಬಂದ ಹಿಡಿತ. ಆದರೆ ಮಗುವೂ ಅವರೂ ಒಂದೇ ಮಂಜಿನ ಮುಂದೆ ನಿಂತವರು.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪನವರ ಹೆಸರಿನ ಕಲಾ ಗ್ಯಾಲರಿಯೂ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವೂ ಅಕ್ಕಪಕ್ಕದಲ್ಲಿವೆ. ನಾನು ಸೇವೆಯಲ್ಲಿದ್ದ ವರ್ಷಗಳಲ್ಲಿ ಆ ರಸ್ತೆಯಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲನ್ನು ಎಷ್ಟೋ ಸಲ ಕಂಡಿದ್ದೇನೆ. ಮಕ್ಕಳೆಲ್ಲ ಇಳಿಯುತ್ತಿದ್ದದ್ದು ವಿಜ್ಞಾನದ ಯಂತ್ರಗಳನ್ನು ನೋಡಲು; ಅಲ್ಲಿಂದ ಕಬ್ಬನ್ ಉದ್ಯಾನದ ಬಾಲಭವನಕ್ಕೆ. ನಡುವಿನ ಗ್ಯಾಲರಿಯ ಗೇಟಿನತ್ತ ತಿರುಗುತ್ತಿದ್ದ ಸಾಲು ಅಪರೂಪ. ಇದಕ್ಕೆ ಶಿಕ್ಷಕರನ್ನು ದೂರಿ ಫಲವಿಲ್ಲ. ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಗುಂಡಿ ಒತ್ತಬಹುದು, ಹಿಡಿ ತಿರುಗಿಸಬಹುದು. ಚಿತ್ರಗಳ ಮುಂದೆ ‘ಮುಟ್ಟಬೇಡಿ’ ಎಂಬ ಫಲಕವಿರುತ್ತದೆ. ಮುಟ್ಟಬಾರದ ವಸ್ತುವಿನ ಎದುರು ಏಳು ವರ್ಷದ ಮಗು ಎರಡು ನಿಮಿಷವೂ ನಿಲ್ಲದು. ಅದರ ಕೈ ಶಾಲೆಯಲ್ಲಿ ಆ ಕೆಲಸವನ್ನು ಮೊದಲೇ ಮುಟ್ಟಿದ್ದರೆ ಮಾತ್ರ ಗ್ಯಾಲರಿಯಲ್ಲಿ ಕಣ್ಣಿಗೆ ಕೆಲಸ ಸಿಗುತ್ತದೆ.

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಕೆ.ಕೆ. ಹೆಬ್ಬಾರರು (1911–1996) ರೇಖೆಗೆ ಹೆಸರಾದವರು. ಲಯ ತಮ್ಮ ಗೆರೆಗೆ ಇಳಿಯಬೇಕೆಂದು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದವರು. ಇವರನ್ನು ಪರಿಚಯಿಸಲು ನಮ್ಮ ಶಾಲೆಗಳಿಗೆ ಖರ್ಚೇ ಇಲ್ಲ. ಒಬ್ಬರು ಡೋಲನ್ನೋ ಮೇಜನ್ನೋ ಬಡಿಯುತ್ತಿರಲಿ, ಇನ್ನೊಬ್ಬರು ಕುಣಿಯಲಿ, ಉಳಿದವರು ಸೀಮೆಸುಣ್ಣವನ್ನು ನೆಲದಿಂದ ಎತ್ತದೆ ಆ ಕುಣಿತವನ್ನು ಒಂದೇ ಗೆರೆಯಲ್ಲಿ ಹಿಡಿಯಲಿ. ಚುಕ್ಕಿ ರಂಗೋಲಿಯ ಎಳೆಯನ್ನು ಎಲ್ಲೂ ಕಡಿಯದೆ ಸುತ್ತಿ ತರುವ ಅಜ್ಜಿಯರ ಮನೆಯಿಂದ ಬಂದ ಮಕ್ಕಳಿಗೆ ಈ ಆಟದ ಅರ್ಧ ಈಗಾಗಲೇ ಬರುತ್ತದೆ. ಹೆಬ್ಬಾರರ ನರ್ತಕಿಯರ ರೇಖಾಚಿತ್ರಗಳನ್ನು ಆಮೇಲೆ ಹರಡಿದರೆ, ಎಷ್ಟು ಗೆರೆ ಉಳಿಸಿದ್ದಾರೆಂದು ಮಕ್ಕಳೇ ಎಣಿಸುತ್ತಾರೆ.

ಬಂಗಾಳದ ಜಾಮಿನಿ ರಾಯ್ (1887–1972) ಅವರ ಕಥೆ ನನ್ನಂಥ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ವಿಶೇಷವಾಗಿ ಪ್ರಿಯ. ಪಾಶ್ಚಾತ್ಯ ಶೈಲಿಯಲ್ಲಿ ತರಬೇತಾಗಿ, ಭಾವಚಿತ್ರ ಬರೆದು ಸಂಪಾದಿಸುತ್ತಿದ್ದವರು ತೈಲವರ್ಣವನ್ನು ಬಿಟ್ಟು ಹಳ್ಳಿಯ ಪಟಚಿತ್ರಗಾರರತ್ತ ತಿರುಗಿದರು. ಮಣ್ಣಿನ ಬಣ್ಣ, ದೀಪದ ಮಸಿ, ಹುಣಸೆಬೀಜದ ಅಂಟು ಅವರ ಸಾಮಗ್ರಿಯಾದವು. ಒಂದೇ ಚಿತ್ರವನ್ನು ಹಲವು ಪ್ರತಿ ಮಾಡಿ, ಸಾಮಾನ್ಯ ಸಂಸಾರಸ್ಥನ ಗೋಡೆಗೂ ಎಟಕುವ ಬೆಲೆಗೆ ಮಾರಿದರು. ಕೃತಿ ವಿರಳವಾದಷ್ಟೂ ಬೆಲೆ ಏರುತ್ತದೆಂಬ ಮಾರುಕಟ್ಟೆಯ ಸೂತ್ರವನ್ನು ಬೇಕೆಂದೇ ಮುರಿದ ಕಲಾವಿದ! ಅವರನ್ನು ಕಲಿಸುವ ತರಗತಿ ಅಡುಗೆಮನೆಯಿಂದ ಆರಂಭವಾಗಬಹುದು. ಅರಿಸಿನದ ನೀರಿಗೆ ಚೂರು ಸುಣ್ಣ ಬಿದ್ದರೆ ಕಣ್ಣೆದುರೇ ಓಕುಳಿಯ ಕೆಂಪು. (ಸುಣ್ಣವನ್ನು ಶಿಕ್ಷಕರೇ ಹಾಕಬೇಕು, ಮಕ್ಕಳ ಕಣ್ಣಿಗೆ ಅದು ಅಪಾಯ.) ಕೆಮ್ಮಣ್ಣು, ಇದ್ದಿಲು, ದೀಪದ ಮಸಿ ಎಲ್ಲ ಊರಲ್ಲೂ ಉಂಟು. ಅಂಟಿಲ್ಲದೆ ಬಳಿದ ಮಣ್ಣು ಒಣಗಿದೊಡನೆ ಉದುರಿಹೋಗುತ್ತದೆ. ಅದು ಏಕೆ ನಿಲ್ಲಲಿಲ್ಲ ಎಂಬ ಪ್ರಶ್ನೆಯಿಂದಲೇ ಹುಣಸೆಬೀಜದ ಅಂಟಿನ ಪಾಠ. ಅರಿಸಿನದ ಹಳದಿಯನ್ನು ಕಿಟಕಿಯಲ್ಲಿ ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ, ಕೆಮ್ಮಣ್ಣು ಮಾಸುವುದಿಲ್ಲ. ಹಳೆಯ ಚಿತ್ರಗಳನ್ನು ಮಂದ ಬೆಳಕಿನಲ್ಲಿ ಏಕಿಡುತ್ತಾರೆಂಬುದು ಆ ಮಗುವಿಗೆ ಯಾರೂ ಹೇಳದೆಯೇ ತಿಳಿಯುತ್ತದೆ.

ಇಲ್ಲಿಗೆ ಬಂದಾಗ ‘ಪ್ರಸಿದ್ಧ’ ಎಂಬ ಪದವೇ ಸ್ವಲ್ಪ ಅಲುಗಾಡುತ್ತದೆ. ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿಗಳಿಂದ, ಪುಂಡಿನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆಯುತ್ತ ಬಂದಿದ್ದಾರೆ. ಆ ಗೋಡೆಗಳ ಮೇಲೆ ಸಹಿ ಇರುವುದಿಲ್ಲ. ಜಾಮಿನಿ ರಾಯ್ ಅವರು ಯಾರಿಂದ ಕಲಿತರೋ ಆ ಪಟಚಿತ್ರಗಾರರದೂ ಹೀಗೆಯೇ. ಸಹಿ ಇರುವವರನ್ನು ಕಲಿಸುವಾಗ ಸಹಿ ಇಲ್ಲದವರನ್ನೂ ಕಲಿಸದಿದ್ದರೆ ಶಿವಮೊಗ್ಗೆಯ ಮಗು ತನ್ನ ಅಜ್ಜಿಯ ಗೋಡೆಯನ್ನು ಕಲೆಯ ಲೆಕ್ಕದಿಂದ ಹೊರಗಿಡುತ್ತದೆ.

ಹೊರದೇಶದ ಕಲಾವಿದರು ಬೇಡವೆಂಬುದು ನನ್ನ ವಾದವಲ್ಲ. ಫ್ರಾನ್ಸಿನ ಮಾತಿಸ್ 1941ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ ಮೇಲೆ ಹೆಚ್ಚು ಹೊತ್ತು ನಿಂತು ಕೆಲಸ ಮಾಡಲಾರದೆ, ಹಾಸಿಗೆಯಲ್ಲೂ ಗಾಲಿಕುರ್ಚಿಯಲ್ಲೂ ಕುಳಿತು ಬಣ್ಣ ಬಳಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಚಿತ್ರ ಮಾಡಿದ. ಕತ್ತರಿ ಹಿಡಿಯಲು ಆಗತಾನೆ ಕಲಿತ ಮಗುವಿಗೆ ಇವನಿಗಿಂತ ಒಳ್ಳೆಯ ಗುರು ಯಾರು? ಗೆರೆ ಹಾಕಿಕೊಳ್ಳದೆ ನೇರ ಕತ್ತರಿಸಬೇಕೆಂಬ ಒಂದೇ ನಿಯಮ ಸಾಕು.

ಎರಡು ಆಕ್ಷೇಪಗಳು ಬರಬಹುದು. ನಕಲು ಮಾಡುವುದೇ ನಮ್ಮ ಪರಂಪರೆಯ ಕಲಿಕೆಯ ಕ್ರಮವಲ್ಲವೇ ಎಂಬುದು ಮೊದಲನೆಯದು. ನಿಜ. ಮೈಸೂರು ಶೈಲಿಯ ಚಿತ್ರಗಾರರ ಮನೆಯ ಹುಡುಗ ಗುರುವಿನ ಚಿತ್ರವನ್ನೇ ತಿದ್ದಿ ಕಲಿಯುತ್ತಿದ್ದ. ಆದರೆ ಅದಕ್ಕೆ ಮೊದಲು ಅವನು ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ಇದ್ದಿಲು ಮಾಡಬೇಕಿತ್ತು, ಬಣ್ಣ ಅರೆಯಬೇಕಿತ್ತು, ಅಳಿಲ ಕೂದಲಿನ ಕುಂಚ ಕಟ್ಟಬೇಕಿತ್ತು. ನಕಲು ಆ ಶ್ರಮದ ಕೊನೆಯ ಮೆಟ್ಟಿಲು. ಅಚ್ಚಾದ ಗೆರೆಯೊಳಗೆ ಬಣ್ಣ ತುಂಬುವುದನ್ನು ಅದಕ್ಕೆ ಹೋಲಿಸುವುದು ಊಟದ ಹೋಟೆಲಿನ ಪಟ್ಟಿ ಓದುವುದನ್ನು ಅಡುಗೆಗೆ ಹೋಲಿಸಿದಂತೆ. ಎರಡನೆಯ ಆಕ್ಷೇಪ ನನ್ನ ಅರ್ಥಶಾಸ್ತ್ರಜ್ಞ ಗೆಳೆಯರದು: ಇದರಿಂದ ಪ್ರತಿಫಲವೇನು? ಸೃಜನಶೀಲ ಉದ್ದಿಮೆ, ಮುಂದಿನ ಕಾಲದ ಉದ್ಯೋಗ ಎಂದೆಲ್ಲ ಉತ್ತರಿಸುವವರಿದ್ದಾರೆ. ನನಗೆ ಆ ಉತ್ತರದಲ್ಲಿ ನಂಬಿಕೆಯಿಲ್ಲ. ಆರು ವರ್ಷದ ಮಗುವಿನ ಬೆರಳಿನ ಬಣ್ಣವನ್ನು ರಾಷ್ಟ್ರೀಯ ಆದಾಯದ ಅಂಕಣಕ್ಕೆ ಸೇರಿಸುವ ಅಗತ್ಯವೂ ಇಲ್ಲ. ಒಂದು ವಸ್ತುವನ್ನು ಹತ್ತು ನಿಮಿಷ ಬಿಡದೆ ನೋಡಬಲ್ಲ ಮಗು ಪದ್ಯವನ್ನೂ ಲೆಕ್ಕವನ್ನೂ ಎದುರಿಗಿರುವ ಮನುಷ್ಯನನ್ನೂ ಹಾಗೆ ನೋಡಬಲ್ಲುದು. ಅಷ್ಟು ಸಾಕು.

ಈಗ ಕಾನೂನಿನ ಮಾತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆಗೆ ಬಂದ ಕಲಾಶಿಕ್ಷಣದ ಆಧಾರಪತ್ರ ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಲ್ಲ ವಿಷಯಗಳನ್ನೂ ಕಲೆಯೊಂದಿಗೆ ಬೆಸೆಯುವ ಮಾತಾಡಿತು. ಅದೇ ವರ್ಷ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ ಒಂದರಿಂದ ಹತ್ತನೆಯ ತರಗತಿಯವರೆಗೆ ಕಲಾ ಸಂಯೋಜಿತ ಪ್ರಾಜೆಕ್ಟ್ ಕಡ್ಡಾಯಗೊಳಿಸಿತು. ಪ್ರಾಜೆಕ್ಟಿಗೆ ಅಂಕ ಬಂದಲ್ಲಿ ಅದನ್ನು ಮಾಡುವವರು ತಾಯಂದಿರು, ಒದಗಿಸುವವರು ಸ್ಟೇಷನರಿ ಅಂಗಡಿಯವರು. ಥರ್ಮೋಕೋಲ್, ಮಿನುಗುಪುಡಿ, ಕತ್ತರಿಸಿ ಅಂಟಿಸಲು ಸಿದ್ಧವಾದ ಮಹನೀಯರ ಚಿತ್ರಪಟ ಇವೆಲ್ಲಕ್ಕೂ ಬೇಡಿಕೆ ಸೃಷ್ಟಿಸಿದ್ದು ಶಾಲೆಯೇ.

ಕೊಳ್ಳುವ ಶಕ್ತಿಯಿದ್ದವರ ಪಾಡು ಇದಾದರೆ, ಸರ್ಕಾರಿ ಶಾಲೆಯ ಮಗುವಿನ ಸ್ಥಿತಿ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ಗಮನವಿಟ್ಟು ಓದಬೇಕು. ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕೆಂದು ಅದು ಹೇಳುವುದು ಆರರಿಂದ ಎಂಟನೆಯ ತರಗತಿಗೆ. ಅದೂ ದಾಖಲಾತಿ ನೂರನ್ನು ಮೀರಿದ ಶಾಲೆಗೆ. ಒಂದರಿಂದ ಐದನೆಯ ತರಗತಿಗೆ ಸಂಬಂಧಿಸಿದ ಭಾಗದಲ್ಲಿ ಕಲೆಯ ಬೋಧಕನ ಸುಳಿವೇ ಇಲ್ಲ. ಕೈ ಅತಿ ಚುರುಕಾಗಿ ಕಲಿಯುವ ವಯಸ್ಸಿಗೆ ಬೋಧಕನಿಲ್ಲ. ‘ನನಗೆ ಚಿತ್ರ ಬರುವುದಿಲ್ಲ’ ಎಂದು ಮಗು ತೀರ್ಮಾನಿಸಿಬಿಟ್ಟ ವಯಸ್ಸಿಗೆ ಬೋಧಕ ಬರುತ್ತಾನೆ. ಮಲೆನಾಡಿನಂಥ ಕಡೆ ನೂರು ಮಕ್ಕಳಿಲ್ಲದ ಶಾಲೆಗಳೇ ಹೆಚ್ಚಿರುವುದರಿಂದ ಅಲ್ಲಿ ಅದೂ ಇಲ್ಲ. ಸಂಸತ್ತು ಒಂದು ಸಾಲನ್ನು ಸೇರಿಸಿದರೆ ಇದು ಸರಿಹೋದೀತು. ಸೇರಿಸುವವರೆಗೆ ರಾಜ್ಯ ಸರ್ಕಾರ ಕೈಕಟ್ಟಿ ಕೂರಬೇಕಾಗಿಲ್ಲ. ಅನುಸೂಚಿ ಹೇಳುವುದು ಕನಿಷ್ಠವನ್ನು ಮಾತ್ರ.

ಹಣವಿಲ್ಲವೆಂಬ ಉತ್ತರವನ್ನು ನಾನು ಕಡತಗಳಲ್ಲಿ ಸಾಕಷ್ಟು ಓದಿದ್ದೇನೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯ ಚೌಕಟ್ಟು ಮಕ್ಕಳ ಸಂಖ್ಯೆಗೆ ಅನುಗುಣವಾಗಿ ಶಾಲೆಯೊಂದಕ್ಕೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೂ ಸಂಯುಕ್ತ ಅನುದಾನವನ್ನು ಗೊತ್ತುಪಡಿಸಿತು. ಮೇಲೆ ಹೇಳಿದ ಪಾಠಗಳಿಗೆ ಬೇಕಾದ ಟಾರ್ಚ್, ಕಾಗದ, ಕುಂಚ, ಕತ್ತರಿಗಳ ಖರ್ಚು ಅದರಲ್ಲಿ ಒಂದು ಸಣ್ಣ ಬಾಬತ್ತು. ಕೊರತೆಯಿರುವುದು ಜನರದು, ವೇಳಾಪಟ್ಟಿಯಲ್ಲಿನ ಜಾಗದ್ದು. ಮೈಸೂರಿನ ‘ಕಾವಾ’, ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜುಗಳಿಂದ ಪದವಿ ಪಡೆದು ಹೊರಬರುವ ತರುಣ ತರುಣಿಯರಿದ್ದಾರೆ. ಪ್ರತಿ ಶಾಲೆಗೂ ಒಬ್ಬರನ್ನು ನೇಮಿಸುವುದು ಆಗದ ಮಾತು. ಆದರೆ ಒಂದು ಕ್ಲಸ್ಟರಿನ ಐದಾರು ಶಾಲೆಗಳಿಗೆ ಒಬ್ಬರು, ವಾರಕ್ಕೊಂದು ದಿನದಂತೆ ಹೋಗಿಬರುವ ವ್ಯವಸ್ಥೆ ಅಸಾಧ್ಯವೇನಲ್ಲ. ಅವರು ಬಾರದ ದಿನಗಳಲ್ಲಿ ಕೆಲಸ ಮುಂದುವರಿಸುವವರು ತರಗತಿಯ ಶಿಕ್ಷಕರೇ. ಅವರಿಗೆ ಚಿತ್ರ ಬರೆಯಲು ಬರಬೇಕೆಂಬ ನಿಯಮವಿಲ್ಲ. ಮಗುವಿನ ಕಾಗದವನ್ನು ಕಸಿದು ತಾವೇ ತಿದ್ದದಿದ್ದರೆ ಆಯಿತು.

ನಮ್ಮ ರಾಜ್ಯಕ್ಕೆ ಇದಕ್ಕೊಂದು ಅನುಕೂಲವೂ ಇದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತ ನಲಿ–ಕಲಿ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೆಯ ತರಗತಿಗಳಿಗೆ ಹಬ್ಬಿತು. ಆ ಕೊಠಡಿಗಳಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಗೋಡೆಯ ಕೆಳಭಾಗದಲ್ಲಿ, ಮಕ್ಕಳ ಎತ್ತರಕ್ಕೆ ಸರಿಯಾಗಿ, ಸುತ್ತಲೂ ಕಪ್ಪುಹಲಗೆ ಬಳಿದಿರುತ್ತದೆ. ಹೆಬ್ಬಾರರ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಲಕರಣೆಯನ್ನು ಯಾವ ಖಾಸಗಿ ಶಾಲೆಯೂ ಕೊಂಡುತರಲಾರದು. ಆ ಹಲಗೆಯ ಮೇಲೆ ಅಕ್ಷರ, ಅಂಕಿ ಬರೆಯುವ ಮಕ್ಕಳಿಗೆ ವಾರದಲ್ಲಿ ಎರಡು ಅವಧಿ ಗೆರೆ ಎಳೆಯಲು ಬಿಡಬೇಕೆಂಬ ಸುತ್ತೋಲೆ ಹೊರಡಿಸಲು ಇಲಾಖೆಗೆ ಸಚಿವ ಸಂಪುಟದ ಒಪ್ಪಿಗೆಯೂ ಬೇಕಿಲ್ಲ.